ನಿಂತರೆ ಕರಗುವ ಮಿಠಾಯಿ

ಅವನನ್ನು ಮನೆಯವರೂ ಬೀದಿಯವರೂ ಬುಗುರಿ ಎಂದೇ ಕರೆಯುತ್ತಿದ್ದರು. ಹೆತ್ತವರು ಗಂಭೀರವಾದ ಹೆಸರನ್ನೇ ಇಟ್ಟಿದ್ದರಂತೆ. ಆದರೆ ಅದನ್ನು ಪೂರ್ತಿ ಕೂಗಿ ಮುಗಿಸುವಷ್ಟರಲ್ಲಿ ಆಸಾಮಿ ಬೀದಿಯ ತಿರುವು ದಾಟಿರುತ್ತಿದ್ದ. ಊಟಕ್ಕೆ ಕೂತರೆ ಮೊಣಕಾಲು ಕುಣಿಯುತ್ತಿತ್ತು, ಅದಕ್ಕೆ ಜೊತೆಯಾಗಿ ತಟ್ಟೆ ಲೋಟಗಳೂ ಕುಣಿಯುತ್ತಿದ್ದವು. ಅವನ ಎರಡೂ ಕಿವಿಗಳು ಇನ್ನೂ ಸ್ವಸ್ಥಾನದಲ್ಲಿದ್ದುದು ಕ್ಷೌರಿಕನ ಪೂರ್ವಜನ್ಮದ ಪುಣ್ಯ.

ಇಂಥವನು ಒಂದು ಕಡೆ ನಿಂತು ದುಡಿಯುವುದುಂಟೇ? ಗಡಿಯಾರ ರಿಪೇರಿ ಕಲಿಯಲು ಹೋದ. ಸಣ್ಣ ಸ್ಕ್ರೂಗಳು ಅವನನ್ನು ಕಂಡೊಡನೆ ತಲೆಮರೆಸಿಕೊಳ್ಳತೊಡಗಿದವು. ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು. ಇವನು ಬಾಗಿಲು ಬಿಟ್ಟು ಅಡ್ಡಾಡಿದ್ದರಿಂದ ಅರ್ಧ ಊರು ಬಿಟ್ಟಿ ಸಿನಿಮಾ ನೋಡಿ ಇವನನ್ನು ಹರಸಿತು. ಕೊನೆಗೆ ಯಾರೋ ಮಾರುತ್ತಿದ್ದ ಹತ್ತಿ ಮಿಠಾಯಿಯ ಯಂತ್ರ ಕಣ್ಣಿಗೆ ಬಿತ್ತು. ನಡುವಿನ ಬಟ್ಟಲಿಗೆ ಬಣ್ಣದ ಸಕ್ಕರೆ ಸುರಿದರೆ ಅದು ಕಾದು, ಗಿರ್ರನೆ ತಿರುಗಿ, ನೂಲು ನೂಲಾಗಿ ಸುತ್ತಲೂ ಹಾರುತ್ತದೆ. ಅದನ್ನು ಕಡ್ಡಿಗೆ ಸುತ್ತುವವನು ಕೈಯನ್ನು ಅರೆಗಳಿಗೆ ನಿಲ್ಲಿಸಿದರೂ ಮಿಠಾಯಿ ಕೆಟ್ಟಂತೆ. ನಿಲ್ಲಬೇಡ ಎಂದು ಹೇಳುವ ಕೆಲಸವೊಂದು ಈ ಲೋಕದಲ್ಲಿದೆ ಎಂದು ತಿಳಿದ ದಿನ ಬುಗುರಿ ಖುಷಿಯಿಂದ ಮನೆಯ ಸುತ್ತ ನಾಲ್ಕು ಸುತ್ತು ಹಾಕಿದ.

ಹೆಂಡತಿ ಮಾತ್ರ ಸುತ್ತು ಹಾಕಲಿಲ್ಲ. ಬೇಸಿಗೆ ಮೇಳದಲ್ಲಿ ನಾಲ್ಕು ಕಾಸು, ಉಳಿದ ದಿನ ಗಾಳಿ ಸೇವನೆ. ಮನೆ ನಡೆಸುವವಳು ಎಷ್ಟೆಂದು ತಾಳಿಯಾಳು? ಈ ಸಲ ಮೇಳಕ್ಕೆ ಮುಂಚೆಯೇ ಹೇಳಿದಳು:

"ರೀ, ಇದೊಂದು ಬೇಸಿಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಅಣ್ಣನ ಅಂಗಡೀಲಿ ಕೂತ್ಕೊಳ್ಳಿ. ಕೊನೇ ದಿನ ಅವನೇ ಬಂದು ನೋಡ್ತಾನಂತೆ."

ಅಣ್ಣನದು ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ದಿಂಬು ಹಾಕಿದ ಒಂದು ಕುರ್ಚಿ. "ಬೆಳಿಗ್ಗೆ ಬಂದು ಕೂತ್ಕೋ, ರಾತ್ರಿ ಎದ್ದು ಹೋಗು. ಅಷ್ಟೇ ಕೆಲಸ" ಎಂದಿದ್ದರು ಭಾವ, ದೊಡ್ಡ ಉಪಕಾರ ಮಾಡುವ ಧ್ವನಿಯಲ್ಲಿ. ಹಿಂದೊಮ್ಮೆ ಅವರಿಗೆ ಜ್ವರ ಬಂದಾಗ ಬುಗುರಿ ಒಂದು ದಿನ ಅಲ್ಲಿ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದ, ಆಮೇಲೆ ಗಾತ್ರದ ಪ್ರಕಾರ, ಆಮೇಲೆ ಅವನಿಗೇ ನೆನಪಿಲ್ಲದ ಇನ್ನಾವುದೋ ಪ್ರಕಾರ. ಆ ಕುರ್ಚಿ ನೆನಪಾದರೆ ಈಗಲೂ ಅವನ ಅಂಗಾಲು ತುರಿಸುತ್ತಿತ್ತು.

ಮೇಳವೇನೋ ಜೋರಾಗಿಯೇ ಶುರುವಾಯಿತು. ಐಸ್‌ಕ್ರೀಂ ಗಾಡಿಯ ಗಂಟೆ, ಕಬ್ಬಿನ ಹಾಲಿನ ಗಾಣದ ಕಿರುಗುಟ್ಟುವಿಕೆ, ಮರಳಲ್ಲಿ ಸಿಡಿಯುವ ಕಡಲೇಕಾಯಿ, ಬಾಣಲೆಯಿಂದೇಳುವ ಆಲೂಗಡ್ಡೆ ಚಿಪ್ಸು. ಉಪ್ಪು, ಹುಳಿ, ಖಾರ, ತಂಪು ಎಲ್ಲವನ್ನೂ ಒಂದೇ ಹೊಟ್ಟೆಗೆ ಇಳಿಸಿ, ರಾತ್ರಿ ಅದರ ಫಲ ಅನುಭವಿಸುವ ನಮ್ಮಂಥ ಧೀರರಿಗೆ ಅದು ಸ್ವರ್ಗವೇ. ಬುಗುರಿಗೆ ಸಿಕ್ಕಿದ್ದು ಮಾತ್ರ ಜೋಳದಕ್ಕನ ಪಕ್ಕದ ಜಾಗ. ಆಕೆಯ ಹಂಡೆಯಲ್ಲಿ ಜೋಳದ ತೆನೆಗಳು ಬೇಯುತ್ತಿದ್ದವು. ಹಂಡೆಯ ಹಬೆ ನೇರವಾಗಿ ಇವನ ಅಂಗಡಿಗೆ ಬರುತ್ತಿತ್ತು. ಹತ್ತಿ ಮಿಠಾಯಿಗೆ ಹಬೆಯೆಂದರೆ ಯಮ. ತಲೆದಿಂಬಿನಷ್ಟು ದಪ್ಪಗಿದ್ದದ್ದು ನೋಡುನೋಡುತ್ತ ಕುಗ್ಗಿ ಅಂಟುಂಡೆಯಾಗುತ್ತಿತ್ತು. ಕವರಿಗೆ ಹಾಕಿದರೆ ಹಬೆಯೂ ಜೊತೆಗೇ ಒಳಗೆ ಹೋಗಿ ಸಂಸಾರ ಹೂಡುತ್ತಿತ್ತು.

"ಅಕ್ಕಾ, ಆ ಹಂಡೆಗೊಂದು ಮುಚ್ಚಳ ಹಾಕಬಾರದಾ?"

"ಮುಚ್ಚಿದ್ರೆ ಘಮ ಹೊರಗೆ ಹೋಗೋದು ಹೇಗೆ? ನನ್ನ ಬೋರ್ಡೇ ಈ ಹಬೆ."

"ನಿನ್ನ ಬೋರ್ಡು ನನ್ನ ಅಂಗಡಿ ಒಳಗೆ ಬರ್ತಿದೆಯಲ್ಲ."

"ಬಂದ್ರೆ ಕೂರಿಸಿ ಮಾತಾಡ್ಸು. ನೀನಂತೂ ಕೂರಲ್ಲ, ಅದಾದ್ರೂ ಕೂರಲಿ."

ಬುಗುರಿ ಮೇಳದ ಮೇಲ್ವಿಚಾರಕನ ಹತ್ತಿರ ಓಡಿದ. "ಜಾಗ ಬೇಕಾದ್ರೆ ಮುಂದಿನ ವರ್ಷ ನೋಡೋಣ. ಗಾಳಿ ಯಾವ ಕಡೆ ಬೀಸಬೇಕು ಅಂತ ನಾನು ಹೇಳಕ್ಕಾಗುತ್ತೇನಪ್ಪಾ?" ಎಂದ ಆತ, ಜೋಳ ಕಡಿಯುತ್ತಲೇ.

ಹೀಗೆ ಹಬೆಯೊಂದಿಗೆ ಜಗಳವಾಡುತ್ತಲೇ ಕೊನೆಯ ದಿನ ಬಂತು. ಸಂಜೆಗೆ ಗಾಳಿಯೂ ನಿಂತು ಸೆಕೆ ಅಂಟಿಕೊಂಡಿತು. ಬುಗುರಿ ಹಂಡೆಯತ್ತ ನೋಡಿದ, ಗೇಟಿನತ್ತ ನೋಡಿದ, ಸಕ್ಕರೆ ಡಬ್ಬ ತೆರೆದ, ಮುಚ್ಚಿದ, ಮತ್ತೆ ತೆರೆದ. ಅಷ್ಟರಲ್ಲಿ ಹೆಂಡತಿ ಮತ್ತು ಭಾವ ಬಂದೇಬಿಟ್ಟರು. ಭಾವ ಕಡ್ಡಿಗಳ ಸಾಲಿನ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡರು.

"ಇದೇನಯ್ಯಾ, ಮಿಠಾಯಿನೋ, ಇಲಿಮರೀನೋ?"

ಹೆಂಡತಿ ಕುಗ್ಗಿದ ಒಂದು ಕಡ್ಡಿಯನ್ನು ಎತ್ತಿ ನೋಡಿ, ಮತ್ತೆ ಸಾಲಿಗೇ ಸಿಕ್ಕಿಸಿದಳು. ಅವಳು ಬೈದಿದ್ದರೆ ಬುಗುರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಆಚೆಯಿಂದ ಒಬ್ಬ ಅಜ್ಜಿಯ ದನಿ ಕೇಳಿಸಿತು. ಜೈಂಟ್ ವ್ಹೀಲಿನ ಮುಂದೆ ಉದ್ದದ ಸಾಲಿತ್ತು. ಅಜ್ಜಿ ಅದರ ನಡುವೆ ಸಿಕ್ಕಿಹಾಕಿಕೊಂಡಿದ್ದಳು. "ಏ ಮಿಠಾಯಪ್ಪಾ, ಒಂದು ಇಲ್ಲಿಗೇ ತಾರೋ. ಸಾಲು ಬಿಟ್ರೆ ನನ್ನ ಜಾಗ ಹೋಗುತ್ತೆ."

ಬುಗುರಿ ಒಂದನ್ನು ಸುತ್ತಿ ನಡೆದ. ತಲುಪುವಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಗಿತ್ತು. ಅಜ್ಜಿ ಅದನ್ನೂ ಅವನನ್ನೂ ನೋಡಿ, "ಹಲ್ಲಿಲ್ಲದವಳಿಗೆ ಇಷ್ಟು ಸಾಕು ಅಂತಾನಾ?" ಎಂದಳು. ಸಾಲು ನಕ್ಕಿತು. ಬುಗುರಿಗೆ ರೇಗಿತು. ವಾಪಸು ಬಂದು ಇನ್ನೊಂದನ್ನು ಸುತ್ತಿದವನೇ ಈ ಸಲ ಬಿದ್ದಂಬೀಳ ಓಡಿದ. ಮಿಠಾಯಿ ದಿಂಬಿನ ಗಾತ್ರದಲ್ಲೇ ಅಜ್ಜಿಯ ಕೈ ಸೇರಿತು. ಅವಳು ಅದರಲ್ಲಿ ಮುಖ ಹುದುಗಿಸಿ, ಗುಲಾಬಿ ಮೀಸೆ ಹೊತ್ತು ತಲೆಯೆತ್ತಿದ್ದೇ ತಡ, ಸಾಲಿನ ತುಂಬ ಕೈಗಳು ಎದ್ದವು.

"ನನಗೊಂದು."

"ನನಗೆರಡು. ಕರಗಿದ್ರೆ ಕಾಸಿಲ್ಲ, ನೋಡು."

ಕೂರಲು ಬಾರದವನಿಗೆ ಓಡಲು ಹೇಳಿಕೊಡಬೇಕೇ? ಆದರೆ ಓಡುವವನೇ ಸುತ್ತುವುದು ಹೇಗೆ? "ಭಾವ, ಸ್ವಲ್ಪ ಹಿಡೀರಿ" ಎಂದು ಕಡ್ಡಿ ಕೊಟ್ಟು ಓಡಿದ. ಭಾವ ನಿಧಾನಸ್ಥರು; ಗುಂಡಿ ಎಣಿಸುವ ಶ್ರದ್ಧೆಯಿಂದ ಕಡ್ಡಿಯನ್ನು ಯಂತ್ರದೊಳಗೆ ಇಳಿಸಿದರು. ಸಕ್ಕರೆ ಕಡ್ಡಿಯೊಂದನ್ನು ಬಿಟ್ಟು ಅವರ ಗಡಿಯಾರ, ಅಂಗಿಯ ತೋಳು, ಹುಬ್ಬು ಎಲ್ಲಕ್ಕೂ ಸುತ್ತಿಕೊಂಡಿತು.

"ಬಿಡಣ್ಣ, ಸಕ್ಕರೆ ದಂಡ" ಎಂದು ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ವರ್ಷಗಟ್ಟಲೆ ಗಂಡನ ಕೈಯನ್ನು ನೋಡಿ ಸಿಡುಕಿದ್ದವಳು. ಸಿಡುಕುತ್ತಲೇ ಕಲಿತೂ ಬಿಟ್ಟಿದ್ದಳು. ಅವಳ ಕಡ್ಡಿಯ ಮೇಲೆ ಮಿಠಾಯಿ ಹೂವಿನಂತೆ ಅರಳಿತು. ಬುಗುರಿ ಬಂದ, ಕಿತ್ತುಕೊಂಡ, ಓಡಿದ. ಮತ್ತೆ ಬಂದ. ಜೋಳದಕ್ಕನೂ ತೆನೆ ಬಿಟ್ಟು ನೋಡುತ್ತ ನಿಂತಳು.

ಮಾಡಲು ಏನೂ ಉಳಿಯದ ಭಾವ ಒಂದು ತೆನೆ ಕೊಂಡು, ಹುಬ್ಬಿನ ಸಕ್ಕರೆ ಒರೆಸಿಕೊಳ್ಳುತ್ತ ಕೇಳಿದರು: "ಹಾಗಾದ್ರೆ ಸೋಮವಾರದಿಂದ ಅಂಗಡಿಗೆ ಕಳಿಸ್ತೀಯೋ ಇಲ್ವೋ, ಹೇಳಿಬಿಡಮ್ಮ. ದಿಂಬಿನ ಕವರ್ ಬೇರೆ ಒಗೆಸಿಟ್ಟಿದೀನಿ."

ಅವಳು ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ನೀನೇ ಕೂತ್ಕೊಳ್ಳಣ್ಣ. ಮುಂದಿನ ವಾರ ಹೊಳೆಯಾಚೆ ಇನ್ನೊಂದು ಮೇಳ ಇದೆಯಂತೆ, ಸಾಲಲ್ಲಿದ್ದ ಆ ಅಜ್ಜಿ ಇವರಿಗೆ ಹೇಳಿದ್ರಂತೆ. ಅಲ್ಲಿಗೆ ಇಬ್ಬರೂ ಬೇಕು."

ಕಡ್ಡಿಯ ಮೇಲಿನ ಮಿಠಾಯಿ ಆಗಲೇ ಅಂಚಿನಲ್ಲಿ ಕುಗ್ಗತೊಡಗಿತ್ತು. ಅವಳು ಕತ್ತು ಉದ್ದ ಮಾಡಿ ಜನರ ನಡುವೆ ಹುಡುಕಿದಳು.

"ರೀ, ಎಲ್ಲಿ ಹೋದ್ರಿ? ಇಷ್ಟೊಂದು ನಿಧಾನ ಮಾಡಿದ್ರೆ ಹೇಗೆ?"

ಬುಗುರಿ ಏದುಸಿರು ಬಿಡುತ್ತ ಜನರನ್ನು ಸೀಳಿಕೊಂಡು ಬರುತ್ತಿದ್ದ. ನಿಧಾನ ಎಂದು ಅವನನ್ನು ಯಾರಾದರೂ ಬೈದದ್ದು ಹುಟ್ಟಿದಂದಿನಿಂದ ಇದೇ ಮೊದಲು.