ಕೆಂಪು ಮೀನು ಮತ್ತು ನೀಲಿ ಕಾಗದ

ಮಾನ್ಯ ಓದುಗರು ನನ್ನ ಕಾಗುಣಿತ ಹಾಗೂ ಕೈಬರಹದ ದೋಷಗಳನ್ನು ಮೊದಲಿಗೇ ಮನ್ನಿಸಬೇಕೆಂದು ವಿನಂತಿ. ಅರ್ಜಿಗಳನ್ನು ಬಿಟ್ಟು ಬೇರೇನನ್ನೂ ನಾನು ಈವರೆಗೆ ಬರೆದಿರುವುದಿಲ್ಲ.

ನಿವೇದಿಸಿಕೊಳ್ಳುವುದೇನೆಂದರೆ, ನಾವು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯವರು. ನನ್ನ ಮಗಳೂ, ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುವ ನನ್ನ ಓರಗಿತ್ತಿಯ ಮಗಳೂ ಒಂದೇ ಶಾಲೆಯಲ್ಲಿ ಓದುತ್ತಾರೆ. ಕಳೆದ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರಿಗೂ ಆಳಸಮುದ್ರದ ಮೀನುಗಳ ವಿಷಯವೇ ಬಂದಿತು. ಜಿಲ್ಲಾ ಮಟ್ಟಕ್ಕೆ ಒಂದು ಮಾದರಿ ಮಾತ್ರ ಹೋಗುವುದಿತ್ತು. ಇಂಥ ಮಾದರಿಗಳನ್ನು ಮಾಡುವವರು ತಾಯಂದಿರೆಂಬುದು ಎಲ್ಲರೂ ಬಲ್ಲ ಸಂಗತಿ.

ಮೀನನ್ನು ಹೊಸ್ತಿಲೊಳಗೆ ತಾರದ ಮನೆತನ ನಮ್ಮದು. ಆದಕಾರಣ ಅತ್ತೆಯವರ ಅಪ್ಪಣೆಯಂತೆ ಮಣ್ಣಿನ ಮೀನನ್ನೂ ಮಾಳಿಗೆಯ ಮೇಲೆ ಕುಳಿತೇ ಮಾಡಿದೆ. ಸಿಕ್ಕಿದ ಆಹಾರವನ್ನು ಬಿಡದಂಥ ದೊಡ್ಡ ಬಾಯಿ, ಹಣೆಯಿಂದ ಚಾಚಿದ ಕೋಲು, ಕೋಲಿನ ತುದಿಯಲ್ಲಿ ಬೇಟೆಯನ್ನು ಕರೆಯುವ ದೀಪ. ಅತ್ತೆಯವರು ನೋಡಿ, "ಚಲೋ ಐತೆ. ಆದ್ರ ಹರಿಹರದಾಕಿ ಕೈಕೆಲಸ ನೋಡ್ಬೇಕು ಬಿಡು," ಎಂದರು. ಸದರಿ ಮಾತನ್ನು ರೊಟ್ಟಿಗೂ ರಂಗೋಲಿಗೂ ಮದುವೆಯಾದಂದಿನಿಂದ ಕೇಳುತ್ತ ಬಂದಿದ್ದೇನೆ.

ಪ್ರದರ್ಶನದ ದಿನ ಓರಗಿತ್ತಿಯು ಕಪ್ಪು ಡಬ್ಬವೊಂದರಲ್ಲಿ ಕಡುಗೆಂಪು ಮೀನನ್ನು ತೂಗುಬಿಟ್ಟಿದ್ದಳು. ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ವಿಜ್ಞಾನದ ಮೇಷ್ಟ್ರಿಗೆ ಕೇಳುವಂತೆಯೇ ಹೇಳಿದೆ: "ಅಡಗೋ ಮೀನಿಗೆ ಮದುವಣಗಿತ್ತಿ ಬಣ್ಣ ಹಚ್ಚೀಯಲ್ಲವ್ವ ತಂಗಿ."

ಅವಳು ನಕ್ಕು, ಗಣಪತಿ ಮಂಟಪಕ್ಕೆ ತಂದು ಉಳಿದಿದ್ದ ನೀಲಿ ಬಣ್ಣದ ಪಾರದರ್ಶಕ ಕಾಗದವನ್ನು ಟಾರ್ಚಿಗೆ ಸುತ್ತಿ ಒಳಗೆ ಬೆಳಕು ಬಿಟ್ಟಳು. ಡಬ್ಬದ ಕಿಂಡಿಯಿಂದ ಇಣುಕಿದರೆ ಮೀನೇ ಇಲ್ಲ.

"ಕೆಂಪು ಬೆಳಕು ಅಷ್ಟು ಆಳಕ್ಕ ಇಳಿಯಂಗಿಲ್ಲಕ್ಕ. ಅಲ್ಲಿ ಕೆಂಪು ಅಂದ್ರ ಕಪ್ಪೇ," ಎಂದಳು. ಬಳಿಕ ನನ್ನ ಮೀನಿನ ಬಿಳಿ ದೀಪವನ್ನು ನೋಡಿ ದನಿ ತಗ್ಗಿಸಿದಳು: "ಕೆಳಗಿನ ಮೀನಿನ ದೀಪ ಹೆಚ್ಚಾಗಿ ನೀಲಿನೇ ಇರ್ತಾವಂತ. ಇದಕ್ಕೂ ಒಂದು ಚೂರು ಕಾಗದ ಸುತ್ತಲೇನಕ್ಕ?"

ದನಿ ತಗ್ಗಿಸಿದ್ದೇ ನನಗೆ ಹೆಚ್ಚು ಉರಿಯಿತು.

ಮೇಷ್ಟ್ರು, "ಎರಡೂ ಒಂದೇ ಡಬ್ಬದಾಗ ಇಡ್ರಿ. ಇಬ್ರೂ ಹುಡುಗ್ಯಾರು ಹೋಗ್ಲಿ," ಎಂದರು.

"ಬ್ಯಾಡ್ರಿ," ಎಂದು ನಾನು ಮೀನನ್ನು ಚೀಲಕ್ಕೆ ತುರುಕಿದೆ. ಹಲ್ಲೊಂದು ಮುರಿಯಿತು. ಮಗಳು ಅದನ್ನು ನೆಲದಿಂದ ಆರಿಸಿಕೊಂಡಳು.

ಜಿಲ್ಲಾ ಮಟ್ಟಕ್ಕೆ ಹರಿಹರದ ಹುಡುಗಿ ಒಬ್ಬಳೇ ಹೋದಳು. ಮೀನು ಈಗಲೂ ನಮ್ಮ ಮಾಳಿಗೆಯ ಮೇಲಿದೆ. ಅದರ ದೀಪಕ್ಕೆ ಮಗಳು ಯಾವಾಗಲೋ ನೀಲಿ ಕಾಗದದ ಚೂರು ಸುತ್ತಿದ್ದಾಳೆ. ಅದನ್ನು ಯಾರಿಂದ ತಂದಳೆಂದು ನಾನು ವಿಚಾರಿಸಿರುವುದಿಲ್ಲ.

ಮೇಲ್ಕಂಡ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಬೇಕಾಗಿ ಕೋರುತ್ತೇನೆ. ತಿದ್ದುವವರು ನನ್ನ ಓರಗಿತ್ತಿಯಾಗಿರದಿದ್ದರೆ ಸಾಕು.