ಉಳಿದ ಹತ್ತು ನಿಮಿಷ

1952ರ ಬೇಸಿಗೆ. ಆಗ ನನಗೆ ಇಪ್ಪತ್ತಾರು ವರ್ಷ. ಬೆಂಗಳೂರಿನ ಒಂದು ನವನೃತ್ಯ ತಂಡದಲ್ಲಿ ತಿಂಗಳ ಸಂಬಳದ ನರ್ತಕಿಯಾಗಿದ್ದೆ. ನವನೃತ್ಯ ಎಂದರೇನೆಂದು ಆ ದಿನಗಳಲ್ಲಿ ಎಲ್ಲರಿಗೂ ಬಿಡಿಸಿ ಹೇಳಬೇಕಾಗುತ್ತಿತ್ತು. ಗೆಜ್ಜೆಯಿಲ್ಲ, ಒಡವೆಯಿಲ್ಲ, ಹಾಡಿನ ಮಾತುಗಳಿಗೆ ಮುದ್ರೆ ಹಿಡಿದು ಅರ್ಥ ಹೇಳುವುದೂ ಇಲ್ಲ. ಒಂದು ಡೋಲು, ಒಂದು ಕೊಳಲು. ಜನ ದಿನವೂ ನಡೆಯುವ, ಬಾಗುವ, ಹೊರುವ, ಕುಸಿಯುವ ರೀತಿಗಳನ್ನೇ ತೆಗೆದುಕೊಂಡು ಕಥೆ ಕಟ್ಟುತ್ತಿದ್ದೆವು. ಪತ್ರಿಕೆಯವರು ಇದನ್ನು ಬ್ಯಾಲೆ ಎಂದು ಬರೆಯುತ್ತಿದ್ದರು. ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ‘ಆ ಡ್ರಿಲ್ಲು’ ಎಂದೇ ಕರೆದಳು.

ನಾನು ಹುಟ್ಟಿದ್ದು ಹಿಂದೂಪುರದ ಹತ್ತಿರದ ಚಿಲಮತ್ತೂರಿನಲ್ಲಿ, ಶಾಲಾ ಮಾಸ್ತರರ ಮಗಳಾಗಿ. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದಾಗ ಒಬ್ಬಾಕೆ ಕೊಡವಿಲ್ಲದೆ, ಹಗ್ಗವಿಲ್ಲದೆ ಬಾವಿಯಿಂದ ನೀರು ಸೇದುವುದನ್ನು ರಂಗದ ಮೇಲೆ ಕಂಡೆ. ಹಗ್ಗ ನನ್ನ ಅಂಗೈಯಲ್ಲೇ ಉಜ್ಜಿದಂತಾಯಿತು. ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ. ಹತ್ತೊಂಬತ್ತು ವರ್ಷ ಕುಣಿದೆ. ಆಮೇಲೆ ಕಲಿಸಿದೆ. ಈಗ ಮೊಣಕಾಲು ಹೋದ ಮೇಲೆ ಪ್ರೇಕ್ಷಕಳಾಗಿ ಕೂರುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ಬೇರೆಯವರೆದುರು ಹೇಳಿಕೊಳ್ಳಲು ಹಿಂಜರಿದ ಪ್ರದರ್ಶನ ಒಂದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಅನಂತಪುರ ಸೀಮೆಯಲ್ಲೆಲ್ಲ ಕ್ಷಾಮ. ನಮ್ಮ ತಂಡದ ಮುಖ್ಯಸ್ಥರು, ನಾವೆಲ್ಲ ಮಾಸ್ಟರ್ ಎಂದೇ ಕರೆಯುತ್ತಿದ್ದವರು, ಪತ್ರಿಕೆಯ ವರದಿಗಳನ್ನು ಓದಿ ‘ಹಸಿವು’ ಎಂಬ ಇಪ್ಪತ್ತನಾಲ್ಕು ನಿಮಿಷಗಳ ನೃತ್ಯ ಕಟ್ಟಿದರು. ಅದರಲ್ಲಿ ನನ್ನದು ಮಗುವನ್ನು ಕಳೆದುಕೊಳ್ಳುವ ತಾಯಿಯ ಪಾತ್ರ. ಕೊರಳಿನ ಎಲುಬು ಕಾಣಬೇಕೆಂದು ಪ್ರದರ್ಶನಕ್ಕೆ ಮೂರು ದಿನ ಮೊದಲಿನಿಂದ ನಮಗೆ ಒಂದೇ ಹೊತ್ತಿನ ಊಟ. ಬೀಳುವುದಕ್ಕೂ ಪಾಠವಿತ್ತು: ಮೊದಲು ಮೊಣಕಾಲಿನ ಪಕ್ಕ, ಆಮೇಲೆ ಸೊಂಟ, ತೋಳು, ಕೊನೆಗೆ ಅಂಗೈ. ತಲೆ ಎಂದೂ ನೆಲಕ್ಕೆ ಬಡಿಯಕೂಡದು. ನೋಡುವವರಿಗೆ ಒಂದೇ ಸಲಕ್ಕೆ ಬಿದ್ದಂತೆ ಕಾಣಬೇಕು, ಬೀಳುವವರಿಗೆ ನೋವಾಗಬಾರದು. ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಹಿಂದೂಪುರದ ಹುಣಸೆ ವ್ಯಾಪಾರಿ ವೀರಭದ್ರಪ್ಪನವರು ಕಲ್ಯಾಣದುರ್ಗದಲ್ಲಿ ಕೆಲವು ವರ್ತಕರ ಜೊತೆ ಸೇರಿ ಗಂಜಿ ಕೇಂದ್ರ ನಡೆಸುತ್ತಿದ್ದರು. ಅದರ ಸಹಾಯಾರ್ಥ ನಮ್ಮ ಪ್ರದರ್ಶನವನ್ನು ಹಿಂದೂಪುರದಲ್ಲಿ ಏರ್ಪಡಿಸಿದರು. ಟಿಕೆಟ್ ಇಲ್ಲ, ಬಂದವರು ರಾಗಿಯನ್ನೋ ಜೋಳವನ್ನೋ ತರಬೇಕು. ಹುಣಸೆಹಣ್ಣಿನ ಗೋದಾಮನ್ನೇ ಗುಡಿಸಿ ರಂಗ ಮಾಡಿದ್ದರು. ಚಿಲಮತ್ತೂರಿನಿಂದ ನಮ್ಮ ನೆಂಟರೂ ಬಂದಿದ್ದರು. ಹೆಣ್ಣುಮಗಳು ನಾಲ್ಕು ಜನರೆದುರು ಕುಣಿಯುವುದೇ ಎಂದು ಐದು ವರ್ಷ ನಮ್ಮ ಮನೆಯ ಹೊಸಲು ತುಳಿಯದಿದ್ದ ಸೋದರಮಾವ ಎರಡನೆಯ ಸಾಲಿನಲ್ಲಿ ಕೂತು ಅಳುತ್ತಿದ್ದುದನ್ನು ನಾನೇ ನೋಡಿದೆ. ಪ್ರದರ್ಶನ ಮುಗಿದ ಮೇಲೆ ವೀರಭದ್ರಪ್ಪನವರು ಒಳಗೆ ಬಂದು, “ನಾಳೆ ರಾಗಿ ಲಾರಿ ಕಲ್ಯಾಣದುರ್ಗಕ್ಕೆ ಹೋಯ್ತದೆ. ನೀವೂ ಬಂದ್ಬುಡಿ. ಆ ಜನಾನೂ ಒಂದ್ಸಲ ನೋಡ್ಲಿ ಕಣಮ್ಮ,” ಎಂದರು. ಮಾಸ್ಟರ್ ಒಪ್ಪಿದರು. ನನಗೂ ಆಸೆ. ಯಾರ ಕಥೆಯನ್ನು ಕುಣಿಯುತ್ತಿದ್ದೇನೋ ಅವರೇ ನೋಡುತ್ತಾರೆ ಎಂಬ ಹೆಮ್ಮೆ.

ಕಲ್ಯಾಣದುರ್ಗ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಒಂದು ಶಾಲೆಯ ಅಂಗಳ, ಬೇವಿನ ಮರ, ಅದರ ಪಕ್ಕದಲ್ಲಿ ಮೂರು ದೊಡ್ಡ ಒಲೆ. ನೂರೈವತ್ತಕ್ಕೂ ಹೆಚ್ಚು ಜನ ಆಗಲೇ ಸಾಲಾಗಿ ಕೂತಿದ್ದರು. ಬೆಳುಗುಪ್ಪದ ಕಡೆಯವರೇ ಹೆಚ್ಚು; ಬೆಳಗಿನ ಜಾವಕ್ಕೇ ನಡೆದು ಹೊರಟವರು. ಯಾರೂ ಮಾತಾಡುತ್ತಿರಲಿಲ್ಲ. ಮಕ್ಕಳೂ ಅಳುತ್ತಿರಲಿಲ್ಲ. ಗಂಜಿ ಆಗಲೇ ಬೆಂದಿತ್ತು. ಅಡುಗೆಯ ಓಬಕ್ಕ ಸೌಟು ಹಿಡಿದು, ಹಾಕಲೇ ಎಂಬಂತೆ ವೀರಭದ್ರಪ್ಪನವರ ಕಡೆ ನೋಡುತ್ತಿದ್ದಳು.

“ಗಂಜಿ ಹಾಕ್ಬುಟ್ರೆ ಒಬ್ರೂ ಕೂರಲ್ಲ. ಮೊದ್ಲು ಡ್ಯಾನ್ಸ್ ಆಗ್ಬುಡ್ಲಿ,” ಎಂದರು ವೀರಭದ್ರಪ್ಪ. ಅವರು ಕೆಟ್ಟ ಮನುಷ್ಯರಲ್ಲ. ತಮ್ಮ ಕೈಯಿಂದ ಹಣ ಹಾಕಿ ಎರಡು ತಿಂಗಳು ಆ ಒಲೆಗಳನ್ನು ಉರಿಸಿದವರು. ಮಾಸ್ಟರ್ ನನ್ನ ಮುಖ ನೋಡಿದರು. “ಏನಮ್ಮ, ಅರ್ಧ ಗಂಟೆ ತಾನೆ?”

“ಹೌದು, ಅರ್ಧ ಗಂಟೆ ತಾನೆ,” ಎಂದೆ ನಾನು. ಜನ ಅರ್ಧಕ್ಕೆ ಎದ್ದುಹೋದರೆ ನೃತ್ಯ ಕೆಡುತ್ತದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಡೋಲು ಶುರುವಾಯಿತು. ಕಾದ ಮಣ್ಣಿನ ಮೇಲೆ ಬರಿಗಾಲು. ಅವರು ನಮ್ಮನ್ನು ನೋಡುತ್ತಿದ್ದರೋ, ನಮ್ಮ ಹಿಂದಿದ್ದ ಹಂಡೆಗಳನ್ನು ನೋಡುತ್ತಿದ್ದರೋ ತಿಳಿಯಲಿಲ್ಲ. ಮಗು ಸಾಯುವ ಭಾಗಕ್ಕೆ ಬಂದೆವು. ಅಲ್ಲಿಗೆ ಹದಿನಾಲ್ಕು ನಿಮಿಷ; ತಾಲೀಮಿನಲ್ಲಿ ಗಡಿಯಾರ ಇಟ್ಟು ಅಳೆದಿದ್ದೆವು. ನಾನು ಬಟ್ಟೆಯ ಗಂಟನ್ನು ಎದೆಗೆ ಅವುಚಿ ಜನರ ಕಡೆ ತಿರುಗಬೇಕಿತ್ತು. ತಿರುಗಿದೆ. ನನ್ನಿಂದ ಹತ್ತು ಅಡಿ ದೂರದಲ್ಲಿ, ಹಸಿರು ಸೀರೆಯ ಒಬ್ಬ ಹೆಂಗಸು ಕೂತಲ್ಲೇ ಪಕ್ಕಕ್ಕೆ ಬಿದ್ದಳು. ಮೊಣಕಾಲು ಮಡಿಯಲಿಲ್ಲ, ಕೈ ಊರಲಿಲ್ಲ. ತಲೆ ನೇರವಾಗಿ ನೆಲಕ್ಕೆ ಬಡಿಯಿತು. ಡೋಲಿನ ನಡುವೆಯೂ ಆ ಸದ್ದು ನನಗೆ ಕೇಳಿಸಿತು.

ಅದು ನಿದ್ದೆಯಲ್ಲ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಬೀಳುವುದನ್ನು ಕಲಿಯಲು ಎರಡು ವರ್ಷ ಕೊಟ್ಟವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳ ಪಕ್ಕದವರು ಸ್ವಲ್ಪ ಸರಿದು ಜಾಗ ಬಿಟ್ಟರು, ಅಷ್ಟೆ. ನಾನು ನಿಲ್ಲಿಸಬಹುದಿತ್ತು. ಕೈ ಎತ್ತಿದ್ದರೆ ಡೋಲಿನವರು ನಿಲ್ಲಿಸುತ್ತಿದ್ದರು. ಏನಾದರೂ ಆಗಲಿ, ಶುರುವಾದ ನೃತ್ಯ ನಿಲ್ಲಬಾರದು ಎಂದು ನಮಗೆ ಕಲಿಸಿದ್ದರು. ಆದರೆ ಅದನ್ನು ನೆಪವಾಗಿ ಹೇಳಲಾರೆ. ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಇನ್ನು ಸ್ವಲ್ಪವೇ ಉಳಿದಿದೆ ಎಂದುಕೊಂಡೆ. ಉಳಿದ ಹತ್ತು ನಿಮಿಷ ಕುಣಿದೆ. ಚೆನ್ನಾಗಿಯೇ ಕುಣಿದೆ.

ಡೋಲು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಓಬಕ್ಕ ಗಂಜಿಯ ಮೊದಲ ಬಕೆಟ್ ಎತ್ತಿಕೊಂಡು ಸಾಲಿಗೆ ಹೋದಳು. ಹಸಿರು ಸೀರೆಯವಳ ಹತ್ತಿರ ಬಗ್ಗಿ, “ಮಾರಕ್ಕ, ಏಳೇ. ಲೇವೇ, ಗಂಜಿ ಬಂತು,” ಎಂದಳು. ತೋಳು ಹಿಡಿದು ಅಲುಗಿಸಿದಳು. ಆಮೇಲೆ ಬಕೆಟ್ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು.

ಊರಿನ ಡಾಕ್ಟರನ್ನು ಕರೆಸಿದರು. ವಯಸ್ಸಾದವರು, ನಾಡಿ ಹಿಡಿದು ನೋಡಿ ತಲೆಯಾಡಿಸಿದರು. ಬಹಳ ದಿನ ಉಪವಾಸವಿದ್ದ ಶರೀರದಲ್ಲಿ ಹೃದಯ ಹೀಗೆ ತಟಕ್ಕನೆ ನಿಲ್ಲುವುದುಂಟು ಎಂದು ವಿವರಿಸಿದರು. ಅರ್ಧ ಗಂಟೆ ಮೊದಲು ಗಂಜಿ ಕುಡಿದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. “ಉಳೀತಿದ್ಲು ಅಂತ ಹೇಳೋಕಾಗಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ,” ಎಂದರು.

ಹೊರಡುವಾಗ ಓಬಕ್ಕ ಲಾರಿಯ ಹತ್ತಿರ ಬಂದಳು. ದನಿ ಏರಿಸಲಿಲ್ಲ. “ನೀನು ನೋಡ್ದೆ ಕಣಮ್ಮ. ನಾನು ಒಲೆ ತಾವಿಂದ ನಿನ್ನೇ ನೋಡ್ತಿದ್ದೆ. ನಿನ್ನ ಕಣ್ಣು ಅವಳ ಮ್ಯಾಗೇ ಇತ್ತು.” ನಾನು ಲಾರಿ ಹತ್ತಿದೆ. ಹಿಂದೂಪುರದಿಂದ ಬೆಂಗಳೂರಿಗೆ ಮರಳುವ ರೈಲಿನಲ್ಲಿ ಮಾಸ್ಟರ್ ಮೆಲ್ಲಗೆ ಹೇಳಿದರು: “ಆ ಹೆಂಗಸು ಬಿದ್ದ ರೀತಿ ನೋಡಿದೆಯಾ? ನಮ್ಮ ಬೀಳುವಿಕೆಯಲ್ಲಿ ಸುಳ್ಳಿದೆ. ಅದು ಹಾಗಿರಬೇಕು.” ಅಂದರೆ ಅವರೂ ನೋಡಿದ್ದರು.

ಮೂರು ವಾರಗಳ ಮೇಲೆ ಬೆಂಗಳೂರಿನಲ್ಲಿ ಪ್ರದರ್ಶನ. ಮಾಸ್ಟರ್ ಹೇಳಿದಂತೆ ಮಾಡಬಾರದೆಂದು ನಿಶ್ಚಯಿಸಿಯೇ ರಂಗಕ್ಕೆ ಹೋದೆ. ಆದರೆ ಆ ಗಳಿಗೆ ಬಂದಾಗ ನನ್ನ ಮೈ ಮಾರಕ್ಕ ಬಿದ್ದಂತೆಯೇ ಬಿದ್ದಿತು. ಹುಬ್ಬಿನ ಮೇಲೆ ಸೀಳಿ ರಕ್ತ ಬಂತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಚಪ್ಪಾಳೆಗೆ ಬಾಗದೆ ಒಳಗೆ ನಡೆದೆ. ‘ಹಸಿವು’ ನೃತ್ಯವನ್ನು ಆಮೇಲೆ ನಾನು ಎಂದೂ ಕುಣಿಯಲಿಲ್ಲ. ತಿಂಗಳು ತುಂಬುವ ಮೊದಲೇ ಆ ತಂಡವನ್ನೂ ಬಿಟ್ಟೆ.

ಬಿಟ್ಟವಳು ನೇರ ಕಲ್ಯಾಣದುರ್ಗಕ್ಕೆ ಹೋದೆ. ಓಬಕ್ಕನನ್ನು ಕೇಳಿ ಮಾರಕ್ಕನ ಗಂಡ ಹನುಮಂತಪ್ಪ ಎಂದು ತಿಳಿದುಕೊಂಡೆ. ಬೆಳುಗುಪ್ಪದ ಹತ್ತಿರ ಪರಿಹಾರ ಕಾಮಗಾರಿಯ ರಸ್ತೆಯಲ್ಲಿ ಜಲ್ಲಿ ಒಡೆಯುತ್ತಿದ್ದ. ಅವನ ಎದುರು ಕೂತು ಎಲ್ಲವನ್ನೂ ಹೇಳಿದೆ. ಗಂಜಿ ತಡವಾಗಲು ನಾನೂ ಒಪ್ಪಿದ್ದೆ, ಅವಳು ಬಿದ್ದದ್ದನ್ನು ಕಂಡೂ ನಿಲ್ಲಿಸಲಿಲ್ಲ ಎಂದೆ. ಡಾಕ್ಟರು ಅಂದ ಮಾತನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ಸಮಾಧಾನವಾಗುತ್ತದೆ ಎಂದೂ ಒಳಗೆ ಎಲ್ಲೋ ಎಣಿಸಿದ್ದೆನೇನೋ.

ಅವನು ಸುತ್ತಿಗೆ ಪಕ್ಕಕ್ಕಿಟ್ಟ. ಆಮೇಲೆ, “ಎಂದುಕಮ್ಮಾ, ಯಾಕಮ್ಮ ಹೇಳ್ದೆ ಇದ್ನ?” ಎಂದ. “ಕಾಲ ಬಂದಿತ್ತು, ಹೋಗ್ಬುಟ್ಳು ಅಂದ್ಕಂಡಿದ್ದೆ. ಮಗೀಗೂ ಅದನ್ನೇ ಹೇಳಿದ್ದೆ. ಈಗ ನೀನು ಬಂದು, ಉಳಿದ್ರೂ ಉಳೀತಿದ್ಲು ಅಂತೀಯ. ನಿಂದು ನೀನು ಹಗುರ ಮಾಡ್ಕಂಡೆ. ನಾನು ಯಾರ ತಾವ ಹೇಳ್ಲಿ?”

ಅವನು ಮತ್ತೆ ಸುತ್ತಿಗೆ ತೆಗೆದುಕೊಂಡ. ನಾನು ಎದ್ದು ಬಸ್ಸಿನ ದಾರಿ ಹಿಡಿದೆ.

ನೃತ್ಯದ ಮೇಲಿನ ಪ್ರೀತಿ ಅಂದಿಗೆ ಸತ್ತುಹೋಯಿತು ಎಂದು ಬರೆದರೆ ಓದುವವರಿಗೆ ಒಪ್ಪಿಗೆಯಾದೀತು. ಆದರೆ ಅದು ನಿಜವಲ್ಲ. ಎಂಟು ತಿಂಗಳು ಕಾಲು ಎತ್ತಲಿಲ್ಲ. ಆಮೇಲೆ ಬೇರೊಂದು ತಂಡ ಸೇರಿ ಮತ್ತೆ ಕುಣಿದೆ. ಮುಂದೆ ಕಲಿಸಲು ನಿಂತಾಗ, ಹೆಜ್ಜೆಗೂ ಮೊದಲು ಒಂದು ವಿಷಯ ಹೇಳಿಕೊಡುತ್ತಿದ್ದೆ: ಕುಣಿಯುವಾಗ ಎದುರಿಗೆ ಕೂತವರನ್ನು ನೋಡಿ, ಅಲ್ಲಿ ಯಾರಿಗೋ ಏನೋ ಆಯಿತು ಎಂದು ಅನುಮಾನ ಬಂದರೂ ಸಾಕು, ನಿಲ್ಲಿಸಿ. ಯಾರ ಅಪ್ಪಣೆಗೂ ಕಾಯಬೇಡಿ. ಅಷ್ಟು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ನಾಲ್ಕು ಸಲ ನಡುವೆ ನಿಲ್ಲಿಸಿದರು. ಒಂದು ಸಲ ಒಬ್ಬ ಮುದುಕರಿಗೆ ನಿಜವಾಗಿ ಎದೆನೋವು ಬಂದಿತ್ತು. ಉಳಿದ ಮೂರು ಸಲ ಯಾರೋ ತೂಕಡಿಸಿದ್ದರು ಅಷ್ಟೆ. ಸಭೆ ನಕ್ಕಿತು. ನಗು ನಿಲ್ಲುವವರೆಗೆ ಕಾದು, ನಾವು ಮತ್ತೆ ಮೊದಲಿನಿಂದ ಶುರು ಮಾಡಿದೆವು.