ಹಾಳಾಗದ ಡಿಸ್ಕು

ಮದುವೆ ವಿಡಿಯೊ ತೆಗೆಯುವ ನಮ್ಮ ಚಿಕ್ಕಪ್ಪನಿಗೆ ಖಾಲಿ ಡಿಸ್ಕುಗಳ ಮೇಲೆ ಭಾರಿ ಅನುಮಾನ. ಹೊಸ ಕಂಪನಿಯದು ಬಂದರೆ ಒಂದರಲ್ಲಿ ವಿಡಿಯೊ ತುಂಬಿಸಿ, ಬೇಸಿಗೆಯಿಡೀ ಕಿಟಕಿಯ ಬಿಸಿಲಿಗಿಟ್ಟು, ಆಮೇಲೂ ತಡವರಿಸದೆ ಓಡಿದರಷ್ಟೇ ಕೊಳ್ಳುತ್ತಿದ್ದರು.

"ಅಳಿಯನ್ನ ಆರಿಸೋವಾಗ್ಲೂ ಇಷ್ಟು ನೋಡ್ಲಿಲ್ಲ ನೀವು," ಎಂದು ಚಿಕ್ಕಮ್ಮ ಗೊಣಗುತ್ತಿದ್ದರು.

ಒಂದು ದಿನ ಹಳೇ ಗಿರಾಕಿಯೊಬ್ಬ ಮುಖ ಸಪ್ಪೆ ಮಾಡಿಕೊಂಡು ಅಂಗಡಿಗೆ ಬಂದ.

"ಡಿಸ್ಕು ಕೈಕೊಡ್ತಾ?" ಚಿಕ್ಕಪ್ಪ ಗಾಬರಿಯಾದರು.

"ಕೈಕೊಟ್ಟಿದ್ರೆ ಬದುಕ್ಕೊಳ್ತಿದ್ದೆ ಸಾರ್! ಮದುವೆ ದಿನ ನಿಮ್ಮ ಕ್ಯಾಮೆರಾ ಮುಂದೆ ಜಂಬಕ್ಕೆ, ಜೀವನಪೂರ್ತಿ ಪಾತ್ರೆ ನಾನೇ ತೊಳೀತೀನಿ ಅಂದಿದ್ದೆ. ಜಗಳ ಬಂದಾಗೆಲ್ಲ ನನ್ನ ಹೆಂಡ್ತಿ ಆ ಡಿಸ್ಕನ್ನೇ ಹಾಕ್ತಾಳೆ."

"ಮಾತು ಸ್ಪಷ್ಟವಾಗಿ ಕೇಳ್ಸುತ್ತಾ?"

"ಪಕ್ಕದ ಮನೆಗೂ ಕೇಳ್ಸುತ್ತೆ."

ಹಿಗ್ಗಿ ಹೀರೇಕಾಯಿಯಾದ ಚಿಕ್ಕಪ್ಪ, ಜೋಪಾನಕ್ಕಿರಲಿ ಎಂದು ಇನ್ನೊಂದು ಪ್ರತಿ ಮಾಡಿ ಅವನ ಕೈಗಿಟ್ಟರು.